ವಾರಾನ್ನ ಉಂಡವರ ಮಕ್ಕಳು ನಾವು

ಕಳೆದ ಸರ್ವಸದಸ್ಯರ ಸಭೆಯಲ್ಲಿ ಸಂಗೀತ ಸಂಜೆಯ ಖರ್ಚಿನ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಊರಿನಿಂದ ಬರುವ ಗಾಯಕರ ವಿಮಾನದ ಟಿಕೆಟ್, ಹೋಟೆಲು, ಸೌಂಡ್ ಸಿಸ್ಟಮ್ಮು, ಹಾಲಿನ ಬಾಡಿಗೆ ಎಲ್ಲವೂ ಮಂಜೂರಾಯಿತು. ಆಮೇಲೆ, ಹೊರಗೆ ಬಿಸಿಬೇಳೆಬಾತು ಆರುತ್ತಿದ್ದಾಗ, ನಾವು ನಾಲ್ಕೈದು ಮನೆಯವರು ಸೇರಿ ಬರೆದುಕೊಟ್ಟಿದ್ದ ಸಲಹೆಗೆ ಐದು ನಿಮಿಷ ಸಿಕ್ಕಿತು. ಕಾನೂನು ಓದುತ್ತಿರುವ ನಮ್ಮ ಮಕ್ಕಳಲ್ಲಿ ವರ್ಷಕ್ಕೊಬ್ಬರಿಗೆ, ಬೇಸಿಗೆ ರಜೆಯಲ್ಲಿ ಸಾರ್ವಜನಿಕ ಹಿತದ ಕೆಲಸ ಕಲಿಯಲು ಸಂಘ ವಿದ್ಯಾರ್ಥಿವೇತನ ಕೊಡಬೇಕು ಎಂಬುದು ಆ ಸಲಹೆ. "ಮುಂದಿನ ಸಭೆಯಲ್ಲಿ ನೋಡೋಣ" ಎಂದಾಯಿತು. ಮುಂದಿನ ಸಭೆಗೆ ಮೊದಲೇ ಎಲ್ಲರೂ ನೋಡಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ವಿಷಯ ತಿಳಿಯದವರಿಗಾಗಿ ಎರಡು ಮಾತು. ಸಿಡ್ನಿ, ಮೆಲ್ಬರ್ನ್‌ಗಳ ದೊಡ್ಡ ಕಾನೂನು ಕಂಪನಿಗಳು ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳನ್ನು ಸಂಬಳ ಕೊಟ್ಟು ಕರೆಯುತ್ತವೆ. ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಕಾನೂನು ಕೇಂದ್ರಗಳ ಕಥೆ ಬೇರೆ. ಮೆಲ್ಬರ್ನಿನ ಫಿಟ್ಜ್‌ರಾಯ್ ಕೇಂದ್ರ 1972ರಲ್ಲಿ, ಸಿಡ್ನಿಯ ರೆಡ್‌ಫರ್ನ್ ಕೇಂದ್ರ 1977ರಲ್ಲಿ ಶುರುವಾದವು. ಎರಡೂ ಮೊದಲಿನಿಂದ ಸ್ವಯಂಸೇವಕರನ್ನು ನೆಚ್ಚಿಕೊಂಡೇ ಬೆಳೆದವು. ಇಂಥಲ್ಲಿ ಕಲಿಯಲು ಹೋಗುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಪಠ್ಯಕ್ರಮದ ಭಾಗವಾದ ತರಬೇತಿಗೆ ಸಂಬಳ ಕೊಡಲೇಬೇಕೆಂದು 2009ರ ಫೇರ್ ವರ್ಕ್ ಕಾಯಿದೆಯೂ ಹೇಳುವುದಿಲ್ಲ. ಶಿಕ್ಷಕರು, ದಾದಿಯರು, ಸೂಲಗಿತ್ತಿಯರು, ಸಮಾಜಕಾರ್ಯಕರ್ತರು ಆಗಲು ಓದುವವರಿಗೆ ತರಬೇತಿಯ ಕಾಲದಲ್ಲಿ ಸರ್ಕಾರ ಜುಲೈ 2025ರಿಂದ ವಾರದ ಭತ್ಯೆ ಕೊಡುತ್ತಿದೆ. ಒಳ್ಳೆಯದೇ ಆಯಿತು. ಕಾನೂನು ಓದುವವರು ಆ ಪಟ್ಟಿಯಲ್ಲಿಲ್ಲ.

ಲಾಯರಾಗುವವರಿಗೆ ದುಡ್ಡಿಗೇನು ಬರ ಎಂದು ಸಭೆಯಲ್ಲಿ ಒಬ್ಬ ಹಿರಿಯರು ನಕ್ಕರು. ನಗುವ ಮೊದಲು ಲೆಕ್ಕ ನೋಡಬೇಕಿತ್ತು. 2021ರಲ್ಲಿ ಕಾನೂನು ಓದಿಗೆ ವಿದ್ಯಾರ್ಥಿಯ ಪಾಲು ವರ್ಷಕ್ಕೆ 14,500 ಡಾಲರ್ ಆಯಿತು. ಅಲ್ಲಿಂದ ಮೇಲಕ್ಕೆ ಹೋಗಿದೆಯೇ ಹೊರತು ಇಳಿದಿಲ್ಲ. ಪ್ರಜೆಗಳಾದವರು ಅದನ್ನು ಸರ್ಕಾರದ ಸಾಲದ ಲೆಕ್ಕಕ್ಕೆ ಹಾಕಬಹುದು. ಪಿ.ಆರ್. ಮೇಲೆಯೇ ಇರುವ ನಮ್ಮ ಮನೆಗಳ ಮಕ್ಕಳಿಗೆ ಆ ಸಾಲವೂ ಇಲ್ಲ, ಮುಂಗಡವಾಗಿ ಕಟ್ಟಬೇಕು. ನಮ್ಮಲ್ಲೊಬ್ಬರ ಪರಿಚಯದ ಮೆಲ್ಬರ್ನಿನ ಹುಡುಗಿಗೆ ಸಿಡ್ನಿಯ ಒಂದು ಕೇಂದ್ರದಲ್ಲಿ ಎಂಟು ವಾರಗಳ ಜಾಗ ಸಿಕ್ಕಿತ್ತು. ಬಾಡಿಗೆ ಕೊಟ್ಟು ಇಲ್ಲಿರಲು ಆಗದೆ ಬಿಟ್ಟುಕೊಟ್ಟಳು. ಆ ಬೇಸಿಗೆಯೆಲ್ಲ ಅವಳು ಸೂಪರ್‌ಮಾರ್ಕೆಟ್ಟಿನಲ್ಲಿ ಡಬ್ಬ ಜೋಡಿಸಿದಳು. ಅದೇನೂ ಕೀಳು ಕೆಲಸವಲ್ಲ, ನಾವೂ ಮಾಡಿದ್ದೇವೆ. ಆದರೆ ಇದೇ ಸಿಡ್ನಿಯಲ್ಲಿ ನಮ್ಮ ಎಷ್ಟು ಮನೆಗಳಲ್ಲಿ ಒಂದೊಂದು ಕೋಣೆ ಖಾಲಿ ಬಿದ್ದಿದೆ, ನೀವೇ ಎಣಿಸಿ.

ಎರಡನೆಯ ಆಕ್ಷೇಪ: ಸಂಘ ಇರುವುದು ಭಾಷೆ, ಸಂಸ್ಕೃತಿಗಾಗಿ; ಕೋರ್ಟು ಕಚೇರಿಯ ಉಸಾಬರಿ ನಮಗೇಕೆ? ಇದಕ್ಕೆ ಉತ್ತರವಾಗಿ ಒಂದು ಹಳೆಯ ನೆನಪು.

2007ರ ಜುಲೈ 2ರಂದು ಮೂಡಿಗೆರೆ ಮೂಲದ, ಬೆಂಗಳೂರಿನಲ್ಲಿ ಓದಿದ ಡಾಕ್ಟರ್ ಮೊಹಮ್ಮದ್ ಹನೀಫ್ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದವರು, ಹೊಸದಾಗಿ ಹುಟ್ಟಿದ ಮಗುವನ್ನು ನೋಡಲು ಊರಿಗೆ ಹೊರಟಿದ್ದರು. ಹನ್ನೆರಡು ದಿನ ಆರೋಪವನ್ನೇ ಹೊರಿಸದೆ ಇಟ್ಟುಕೊಂಡರು. ಬ್ರಿಟನ್ನಿನಲ್ಲಿ ನೆಂಟನಿಗೆ ಬಿಟ್ಟುಬಂದಿದ್ದ ಸಿಮ್ ಕಾರ್ಡ್ ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಿದರು. ಅದು ಸಿಕ್ಕಿದ್ದು ಲಿವರ್‌ಪೂಲಿನಲ್ಲಿ. 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರೆ, ಅದೇ ದಿನ ವಲಸೆ ಮಂತ್ರಿಗಳು ವೀಸಾ ರದ್ದು ಮಾಡಿದರು. ವಕೀಲರಾದ ಪೀಟರ್ ರುಸ್ಸೋ, ಸ್ಟೀಫನ್ ಕೀಮ್ ಬಿಡಲಿಲ್ಲ. ಪೊಲೀಸ್ ವಿಚಾರಣೆಯ ದಾಖಲೆಯನ್ನು ಕೀಮ್ ತಾವೇ ಪತ್ರಿಕೆಗೆ ಕೊಟ್ಟರು; ಸುಳ್ಳಿನ ಬಣ್ಣ ಬಯಲಾಯಿತು. 27ರಂದು ಆರೋಪ ಕೈಬಿಟ್ಟರು. ಆಗಸ್ಟ್ 21ರಂದು ಫೆಡರಲ್ ಕೋರ್ಟು ವೀಸಾ ರದ್ದತಿಯನ್ನೇ ತಳ್ಳಿಹಾಕಿತು. 2010ರಲ್ಲಿ ಸರ್ಕಾರ ಪರಿಹಾರವನ್ನೂ ಕೊಟ್ಟಿತು.

ಆ ದಿನಗಳಲ್ಲಿ ನಾವೇನು ಮಾಡಿದೆವು? ಟೀವಿ ನೋಡಿದೆವು. "ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ" ಎಂದು ಪಿಸುಗುಟ್ಟಿದವರೂ ನಮ್ಮಲ್ಲಿದ್ದರು. ಈ ಲೇಖನ ಬರೆಯುತ್ತಿರುವವರಲ್ಲೂ ಒಬ್ಬಿಬ್ಬರು ಹಾಗೆ ಅಂದದ್ದುಂಟು, ಒಪ್ಪಿಕೊಳ್ಳುತ್ತೇವೆ. ನಮ್ಮ ಊರಿನ ಹುಡುಗನ ಪರವಾಗಿ ನಿಂತವರು ನಮ್ಮ ಭಾಷೆ ಬಾರದ, ನಮ್ಮ ಹಬ್ಬಕ್ಕೆ ಬಾರದ ಇಬ್ಬರು ವಕೀಲರು.

ಸುದ್ದಿಯಾಗದ ಸಂಗತಿಗಳು ಇನ್ನೂ ಹೆಚ್ಚು. ದುಡಿಸಿಕೊಂಡು ಪೂರಾ ಕೂಲಿ ಕೊಡದ ಅಂಗಡಿ, ಠೇವಣಿ ಹಿಂತಿರುಗಿಸದ ಮನೆ ಮಾಲೀಕ, ಗಂಡನ ವೀಸಾದ ಹೆದರಿಕೆಯಲ್ಲಿ ಬಾಯಿ ಮುಚ್ಚಿಕೊಂಡ ಹೆಣ್ಣುಮಗಳು. ರೆಡ್‌ಫರ್ನ್ ಕೇಂದ್ರದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದೇ ಪುಕ್ಕಟೆ ಸಲಹೆಯ ವಿಭಾಗವಿದೆ. ಅಲ್ಲಿಗೆ ಹೋಗಲು ಹೆದರುವ ದಾವಣಗೆರೆಯ ಹುಡುಗನಿಗೆ, ಮೇಜಿನ ಆಚೆ ಕಡೆಯಿಂದ "ಕೂತ್ಕೊಳ್ಳಪ್ಪಾ, ಏನಾಯ್ತು ಹೇಳು" ಎನ್ನುವ ದನಿ ಕೇಳಿದರೆ ಹೇಗಿರುತ್ತದೆ? ದುಭಾಷಿಗಳು ಫೋನಿನಲ್ಲಿ ಸಿಗುತ್ತಾರೆ, ನಿಜ. ಮನೆಯ ಮರ್ಯಾದೆಯ ಸಂಗತಿಯನ್ನು ಫೋನಿನ ಆ ಕಡೆಯ ಅಪರಿಚಿತರಿಗೆ ಹೇಳಿಕೊಳ್ಳಲು ನಮ್ಮ ಹೆಣ್ಣುಮಕ್ಕಳು ಎಷ್ಟು ಹಿಂಜರಿಯುತ್ತಾರೆಂದು ಇಲ್ಲಿನ ತಾಯಂದಿರಿಗೆ ಗೊತ್ತು. ಇದು ಭಾಷೆಯ ಕೆಲಸ ಅಲ್ಲವೇ?

ಹೊರದೇಶದಲ್ಲಿದ್ದವರು ಇಂಥದಕ್ಕೆ ಕೈಹಾಕಿದ್ದು ಹೊಸದೂ ಅಲ್ಲ. ಎಸ್. ಆರ್. ಹಿರೇಮಠರು ಅಮೆರಿಕದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದವರು. 1974ರಲ್ಲಿ ಶಿಕಾಗೋದಲ್ಲಿ ಭಾರತೀಯರು ಕೆಲವರು ಸೇರಿ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಕಟ್ಟಿದಾಗ ಅವರೂ ಜೊತೆಗಿದ್ದರು. 1979ರಲ್ಲಿ ಊರಿಗೆ ಮರಳಿದರು. ಹಳ್ಳಿಗಳ ಗೋಮಾಳವನ್ನು ನೀಲಗಿರಿ ನೆಡಲು ಕಂಪನಿಗೆ ಕೊಟ್ಟಾಗ ಅವರ ಸಮಾಜ ಪರಿವರ್ತನ ಸಮುದಾಯ ಶಿವರಾಮ ಕಾರಂತರನ್ನೂ ಜೊತೆಗೂಡಿಸಿಕೊಂಡು ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಸಂಸ್ಥೆಯ ಅರ್ಜಿಯ ಮೇಲೆ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಂತಿತು. ಕಾರಂತರ ಹೆಸರಿನಲ್ಲಿ ರಸಪ್ರಶ್ನೆ ಮಾಡುವ ನಾವು ಅವರು ಅರ್ಜಿದಾರರಾಗಿದ್ದನ್ನು ಮಾತ್ರ ಮಕ್ಕಳಿಗೆ ಹೇಳುವುದಿಲ್ಲ.

ಇನ್ನು ದುಡ್ಡು. ವಾರಕ್ಕೆ 500 ಡಾಲರಿನಂತೆ ಎಂಟು ವಾರಕ್ಕೆ 4,000. ಇನ್ನೂರು ಮನೆಗಳು ಇಪ್ಪತ್ತಿಪ್ಪತ್ತು ಡಾಲರ್ ಹಾಕಿದರೆ ಆಯಿತು. ಸಂಗೀತ ಸಂಜೆಯಲ್ಲಿ ಮೊದಲ ಸಾಲಿನ ಕುರ್ಚಿಗೆ ನಾವು ಕೊಡುವುದು ಇದಕ್ಕಿಂತ ಹೆಚ್ಚು. (ಗಾಯಕರು ಬರಬಾರದೆಂದು ನಾವು ಹೇಳಿಲ್ಲ. ಹಾಗೆಂದು ಸುದ್ದಿ ಹಬ್ಬಿಸಿದವರು ದಯವಿಟ್ಟು ಗಮನಿಸಬೇಕು.)

ಅದೂ ಬೇಡವೆಂದರೆ ನಮ್ಮ ಹಿರಿಯರ ದಾರಿಯೇ ಇದೆ. ನಮ್ಮ ಅಪ್ಪಂದಿರು, ತಾತಂದಿರು ಹೈಸ್ಕೂಲು, ಕಾಲೇಜು ಓದಿದ್ದು ಹೇಗೆ? ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು. ಇಲ್ಲವೇ ಮಠದ, ಸಮಾಜದ ಉಚಿತ ಹಾಸ್ಟೆಲಿನಲ್ಲಿ ಮಲಗಿ. ಉಣಬಡಿಸಿದ ತಾಯಂದಿರು ಆ ಹುಡುಗ ಮುಂದೆ ಎಷ್ಟು ಸಂಪಾದಿಸುತ್ತಾನೆಂದು ಕೇಳಲಿಲ್ಲ. ಹೆಚ್ಚಿನ ಕಡೆ ಜಾತಿ ಕೇಳಿದರು ಎಂಬುದೂ ನಿಜ, ಅದನ್ನು ಇಲ್ಲಿಗೆ ತರುವುದು ಬೇಡ. ಮೆಲ್ಬರ್ನಿನಿಂದ ಬರುವ ವಿದ್ಯಾರ್ಥಿಗೆ ಸಿಡ್ನಿಯಲ್ಲಿ ಒಂದು ಕೋಣೆ, ಇಲ್ಲಿಂದ ಹೋಗುವವರಿಗೆ ಅಲ್ಲೊಂದು ಕೋಣೆ, ರಾತ್ರಿ ಊಟ. ಬಾಡಿಗೆಯ ಭಾರ ಇಳಿದರೆ ಹಣ ಅರ್ಧ ಸಾಕು.

ಒಂದು ಷರತ್ತಿನ ಬಗ್ಗೆ ನಮ್ಮೊಳಗೇ ಜಗಳವಾಯಿತು. ಅರ್ಜಿದಾರರಿಗೆ ಕನ್ನಡ ಓದು ಬರಹ ಬರಬೇಕೆಂದು ಕೆಲವರ ಹಟ. ಹಾಗಾದರೆ ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿ ಉಳಿಯುತ್ತಾರೆ? ಅಜ್ಜಿಯೊಬ್ಬರು ಹೇಳಿಕೊಳ್ಳುವ ಕಷ್ಟ ಅರ್ಥವಾಗುವಷ್ಟು ಮಾತು ಬಂದರೆ ಸಾಕು ಎಂದು ಕೊನೆಗೆ ಒಪ್ಪಿದ್ದೇವೆ. ಸಮಿತಿಯವರ ಮಕ್ಕಳು ಅರ್ಜಿ ಹಾಕಿದರೆ ಆಯ್ಕೆಯ ದಿನ ಆ ತಂದೆತಾಯಿ ಹೊರಗಿರಬೇಕು, ಇದರಲ್ಲಿ ರಾಜಿಯಿಲ್ಲ.

ಯುಗಾದಿ ಊಟದ ದಿನ ಕೂಪನ್ ಕೊಡುವ ಮೇಜಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ಇಪ್ಪತ್ತು ಡಾಲರ್ ಕೊಡುವವರು ಎಡಗಡೆಯ ಪುಟದಲ್ಲಿ, ಕೋಣೆ ಕೊಡುವವರು ಬಲಗಡೆಯ ಪುಟದಲ್ಲಿ ಹೆಸರು ಬರೆಯಿರಿ. ವಿರೋಧಿಸುವವರಿಗೆ ಕೊನೆಯ ಪುಟವಿದೆ, ಕಾರಣವನ್ನೂ ಬರೆಯಲಿ. ಮೂರೂ ಪುಟಗಳನ್ನು ಮುಂದಿನ ಸಭೆಯಲ್ಲಿ, ಊಟಕ್ಕೆ ಮೊದಲು, ಓದಿ ಹೇಳುತ್ತೇವೆ.