ಮೇವಿನ ಪೆಂಡಿ ಸಾಕು, ಕಾವಲಿನ ಹಕ್ಕು ಬರೆದುಕೊಡಿ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಟ್ಟಿಗಳ ಹಿರಿಯರೇ, ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಕಿಲಾರಿಗಳೇ,

ಕಳೆದ ಬರದ ವರ್ಷ ಒಂದು ಸಂಜೆ ದೇವರ ಎತ್ತುಗಳ ರೊಪ್ಪದ ಹತ್ತಿರ ನಿಂತಿದ್ದೆ. ಮೇವಿನ ಟ್ರ್ಯಾಕ್ಟರ್ ಬಂದು ಒಣಹುಲ್ಲಿನ ಪೆಂಡಿ ಇಳಿಸಿ ಹೋಯಿತು. ಮುತ್ತಯ್ಯ ಎಂದು ನಾವು ಕೈಮುಗಿಯುವ ಎತ್ತು ಬಂತು, ಮೂಸಿತು, ಮುಖ ತಿರುಗಿಸಿ ಬೇಲಿಯ ಕಡೆ ಹೋಗಿ ನಿಂತಿತು. ಕಿಲಾರಿ ತಾತ ಬರಿಗಾಲಲ್ಲಿ ಕಂಬಳಿ ಹೊದ್ದು ಕೂತಿದ್ದರು. ಅಂಗಾಲು ಬಿರಿದು, ಬಿರುಕಿನಲ್ಲಿ ಕೆಮ್ಮಣ್ಣು ಕೂತಿತ್ತು. "ಕಟ್ಟಿ ಹಾಕಿದ್ದು ಇವಕ್ಕೆ ಒಗ್ಗಲ್ಲಪ್ಪ, ಅಡ್ಡಾಡಿ ಮೇಯೋ ದನ ಇವು" ಅಂದರು. "ಅಡ್ಡಾಡೋಕೆ ಎಲ್ಲೈತೆ ಜಾಗ?"

ಈ ಕರಪತ್ರ ಆ ಪ್ರಶ್ನೆಯ ಬಗ್ಗೆ.

ದೇವರ ಎತ್ತು ಅಂದರೆ ಏನು ಅಂತ ಹಟ್ಟಿಯವರಿಗೆ ಹೇಳಬೇಕಿಲ್ಲ. ಪೇಟೆಯಲ್ಲಿ ಇದನ್ನು ಓದುವವರಿಗಾಗಿ ಎರಡು ಮಾತು. ಮ್ಯಾಸನಾಯಕರ ಗುಡಿಕಟ್ಟುಗಳು, ಅಂದರೆ ಒಂದೊಂದು ದೇವರ ಒಕ್ಕಲುಗಳು, ತಲೆಮಾರುಗಳಿಂದ ಸಾಕಿಕೊಂಡು ಬಂದ ಮಂದೆಗಳಿವು. ನೊಗಕ್ಕೆ ಕಟ್ಟುವುದಿಲ್ಲ, ಕಟುಕರಿಗೆ ಮಾರುವುದಿಲ್ಲ, ಹಾಲನ್ನು ಡೇರಿಗೆ ಹಾಕುವುದಿಲ್ಲ. ಸತ್ತರೆ ಮನೆಯ ಹಿರಿಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತೇವೆ. ದೇಸಿ ತಳಿ ಉಳಿಸಬೇಕು ಎಂದು ಈಗ ಎಲ್ಲೆಲ್ಲೂ ಭಾಷಣ ಕೇಳಿಸುತ್ತದೆ. ಈ ಮಂದೆ ಕಾಯುವ ನಮ್ಮ ಕಿಲಾರಿಗಳು ಭಾಷಣ ಮಾಡದೆ, ಸಂಬಳವಿಲ್ಲದೆ ಅದನ್ನೇ ಮಾಡಿದ್ದಾರೆ. ಸುಗ್ಗಿಯಲ್ಲಿ ಹಟ್ಟಿ ಕೊಟ್ಟ ಕಾಳು, ಹರಕೆಯವರು ಕೊಟ್ಟ ಕಾಸು, ಅಷ್ಟೇ. ಮಳೆಯೋ ಚಳಿಯೋ, ದನ ಕೂಡುವ ರೊಪ್ಪದ ಪಕ್ಕದಲ್ಲೇ ನಿದ್ದೆ. ಅವರ ಮೊಮ್ಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸ್‌ಗೆ, ಕಟ್ಟಡದ ಕೆಲಸಕ್ಕೆ ಬಸ್ಸು ಹತ್ತುತ್ತಿದ್ದಾರೆ. ಹತ್ತಬೇಡಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಈ ಮಂದೆಗಳು ಉಳಿದದ್ದು ಕಾವಲಿನಿಂದ. ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂದು ದನಗಳ ಇಲಾಖೆ ಕಟ್ಟಿದರು; ಟಿಪ್ಪು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟ. ಸೈನ್ಯದ ಸಾಮಾನು ಎಳೆಯುವ ಎತ್ತುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲೇ ಕಾವಲು. ಅರಮನೆಯ ದನ ಹೋಯಿತು, ನಮ್ಮ ದನ ಉಳಿಯಿತು. ಕರಡ ಹುಲ್ಲು, ಕಮರದ ಸೊಪ್ಪು, ಜಾಲಿಕಾಯಿ ತಿಂದು ಎತ್ತು ಬೆಳೆದವು, ಕಾಡುಗೊಲ್ಲರ ಕುರಿ ಬೆಳೆದವು, ಆ ಕುರಿಯ ಉಣ್ಣೆಯಲ್ಲಿ ಕುರುಬರ ಮಗ್ಗದ ಮೇಲೆ ಚಳ್ಳಕೆರೆ ಕಂಬಳಿ ಬೆಳೆಯಿತು. ಕೃಷ್ಣಮೃಗ, ತೋಳ, ಎರ್ಲಡ್ಡು ಹಕ್ಕಿ ಅದೇ ಬಯಲಿನ ಒಕ್ಕಲಾಗಿದ್ದವು. ಈ ಬಯಲನ್ನು ದಾಖಲೆಯಲ್ಲಿ "ಬಂಜರು" ಎಂದು ಬರೆದವನು ಮಳೆ ಬಿದ್ದ ಮೇಲೆ ಒಮ್ಮೆಯೂ ಇತ್ತ ಬಂದವನಲ್ಲ.

2007ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳು ಕೈಬದಲಾದವು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಸೋಲಾರ್‌ಗೆ ಕೊಟ್ಟದ್ದು ಬೇರೆ. 2012ರ ಸುಮಾರಿಗೆ ಗೋಡೆ ಎದ್ದಾಗ ಎಷ್ಟೋ ಹಟ್ಟಿಗಳಿಗೆ ಸುದ್ದಿ ತಿಳಿದದ್ದು ಗೋಡೆ ನೋಡಿಯೇ. 2013ರಲ್ಲಿ ಹಸಿರು ನ್ಯಾಯಮಂಡಳಿಯಲ್ಲಿ ವಿಚಾರಣೆ, ಸ್ಥಳಕ್ಕೆ ಸತ್ಯಶೋಧನಾ ಸಮಿತಿ, 2014ರ ಆಗಸ್ಟ್‌ನಲ್ಲಿ ತೀರ್ಪು. ಗೋಡೆ ಈಗಲೂ ನಿಂತಿದೆ.

ನಾವು ವಿಜ್ಞಾನದ ವಿರೋಧಿಗಳಲ್ಲ. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿದ್ದು ಉಳ್ಳಾರ್ತಿ ಕಾವಲಿನಲ್ಲಿ. 2023ರ ಆಗಸ್ಟ್ 23ರಂದು ಲ್ಯಾಂಡರ್ ಚಂದ್ರನ ಮೇಲೆ ಇಳಿದಾಗ ನಮ್ಮ ಹಟ್ಟಿಗಳಲ್ಲೂ ಶಿಳ್ಳೆ ಬಿತ್ತು. ಆದರೆ ದೇಶಕ್ಕೆ ನೆಲ ಕೊಟ್ಟವರಿಗೆ ಉಳಿದ ನೆಲದ ಮೇಲಾದರೂ ಹಕ್ಕು ಬೇಡವೇ?

ಸರ್ಕಾರ ಗೋಶಾಲೆ ತೆರೆಯುತ್ತದಲ್ಲ ಎನ್ನುವವರುಂಟು. ಲೆಕ್ಕ ಹಾಕಿ. ಮಂದೆಯಲ್ಲಿ 200 ರಾಸು, ಒಂದಕ್ಕೆ ದಿನಕ್ಕೆ 6 ಕೆ.ಜಿ. ಒಣಮೇವು ಎಂದುಕೊಂಡರೆ ದಿನಕ್ಕೆ 1,200 ಕೆ.ಜಿ., ತಿಂಗಳಿಗೆ 36 ಟನ್. ಅದೂ ಒಂದೇ ಮಂದೆಗೆ. ಶೇಂಗಾ ಕೈಕೊಟ್ಟ ವರ್ಷ ಬಳ್ಳಿಯೂ ಸಿಗುವುದಿಲ್ಲ. ಗೋಶಾಲೆ ತೆರೆಯುವುದು ಬರ ಘೋಷಣೆಯಾದ ಮೇಲೆ. ಮುಚ್ಚುವುದು ಒಂದು ಹದ ಮಳೆ ಬಿದ್ದ ಮಾರನೆ ದಿನ, ಹುಲ್ಲು ಇನ್ನೂ ಚಿಗುರುವ ಮುಂಚೆ. ಬರದಲ್ಲಿ ಅದು ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಅದನ್ನು ತೋರಿಸಿ ಕಾವಲಿನ ಮಾತು ಮರೆಸಬೇಡಿ.

ದನಗಾಹಿಗಳ ನೆಲ ಹೋಗುವುದು ನಮ್ಮಲ್ಲಿ ಮಾತ್ರವಲ್ಲ, ಆಫ್ರಿಕಾದಲ್ಲೂ ಇದೇ ಪಾಡು. ಅಲ್ಲಿ ಮಾಸಾಯಿ ಎಂಬ ದನಗಾಹಿಗಳಿದ್ದಾರೆ. 1959ರಲ್ಲಿ ಸೆರೆಂಗೆಟಿಯಿಂದ ಕಾಡುಪ್ರಾಣಿಯ ಹೆಸರಿನಲ್ಲಿ ಅವರನ್ನು ಎಬ್ಬಿಸಿದರು. ಆದರೆ ಅದೇ ಖಂಡದ ನಮೀಬಿಯಾ 1996ರಲ್ಲಿ ಕಾನೂನು ಮಾಡಿ, ಹಳ್ಳಿಗರು ಸಂಘ ಕಟ್ಟಿಕೊಂಡು ತಮ್ಮ ಸೀಮೆಯ ವನ್ಯಜೀವಿಗಳನ್ನು ತಾವೇ ನೋಡಿಕೊಂಡು ಅದರ ಆದಾಯ ಪಡೆಯುವ ಅಧಿಕಾರ ಕೊಟ್ಟಿತು. 2022ರಲ್ಲಿ ನಾವು ನಮೀಬಿಯಾದಿಂದ ಚೀತಾ ತಂದೆವು. ಕಾನೂನನ್ನು ಅಲ್ಲೇ ಬಿಟ್ಟು ಬಂದೆವು.

ಹಾಗೆಂದು ನಮ್ಮಲ್ಲಿ ಕಾನೂನಿಲ್ಲವೇ? ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ದನಗಾಹಿಗಳ ಮೇಯಿಸುವ ಹಕ್ಕನ್ನು ಹೆಸರು ಹೇಳಿಯೇ ಒಪ್ಪುತ್ತದೆ. ಕಾವಲುಗಳು ರಾಜ್ಯದ ಅರಣ್ಯ ನಿಯಮಗಳಲ್ಲಿ ಜಿಲ್ಲಾ ಅರಣ್ಯ, ಹಾಗಾಗಿ ಕಾಯ್ದೆ ಅವಕ್ಕೂ ಅನ್ವಯಿಸುತ್ತದೆ. ಮ್ಯಾಸನಾಯಕರು ಪರಿಶಿಷ್ಟ ಪಂಗಡ. ಪಂಗಡದವರಲ್ಲದವರಿಂದ ಕಾಯ್ದೆ ಕೇಳುವ 75 ವರ್ಷದ ವಾಸದ ಪುರಾವೆ ಅವರಿಗೆ ಬೇಕಿಲ್ಲ. ಕಾಡುಗೊಲ್ಲರಿಗೆ ಬೇಕು, ಅವರು ಈಗಿನಿಂದಲೇ ಹುಡುಕಲಿ. ಅರ್ಜಿ ಒಬ್ಬೊಬ್ಬರದಲ್ಲ, ಇಡೀ ಹಟ್ಟಿಯದು: ಸಮುದಾಯ ಹಕ್ಕಿನ ನಮೂನೆ ಬಿ, ಸಂಪನ್ಮೂಲ ನಿರ್ವಹಣೆಗೆ ನಮೂನೆ ಸಿ. ಗ್ರಾಮಸಭೆಯಲ್ಲಿ ಅರ್ಧದಷ್ಟು ಜನ ಇರಬೇಕು, ಬಂದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು. ಅಕ್ಕಂದಿರೇ, ಗುಡಿಕಟ್ಟಿನ ಕೂಟದಲ್ಲಿ ಹಿಂದೆ ಕೂರುವ ರೂಢಿ ಇಲ್ಲಿ ನಡೆಯುವುದಿಲ್ಲ. ನೀವು ಬರದಿದ್ದರೆ ಸಭೆಯೇ ಆಗುವುದಿಲ್ಲ.

ಹಕ್ಕು ಸಿಕ್ಕರೆ ಬಳ್ಳಾರಿ ಜಾಲಿ ಕೀಳಿಸಬಹುದು, ಎಷ್ಟು ದನ, ಎಷ್ಟು ಕುರಿ, ಯಾವ ತಿಂಗಳು ಎಂದು ನಾವೇ ಕಟ್ಟು ಹಾಕಬಹುದು. ಈಗ ನಮ್ಮವರೇ ಕೆಲವರು ಕಾವಲು ಒತ್ತಿ ಶೇಂಗಾ ಬಿತ್ತುತ್ತಿದ್ದಾರೆ. ಅದನ್ನು ಮುಚ್ಚಿಟ್ಟು ಸರ್ಕಾರವನ್ನು ಮಾತ್ರ ಬೈದರೆ ಯಾರೂ ನಂಬುವುದಿಲ್ಲ.

ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕ ಪ್ರಾಣಿಗಳ ಮೇಲೆ ದಯೆಯಿರಲಿ ಎಂದು ಬಂಡೆಗೆ ಕೆತ್ತಿಸಿ 2,200 ವರ್ಷ ದಾಟಿತು. ಬರೆದದ್ದರಿಂದ ಉಳಿಯಿತು. ನಮ್ಮ ದನ ಮೇಯುವ ಜಾಡು ಎಲ್ಲೂ ಬರೆದಿಲ್ಲ.

ಆದ್ದರಿಂದ ಈ ವಾರ ಪ್ರತಿ ಹಟ್ಟಿಯಲ್ಲೂ ಓದು ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ನೋಟ್‌ಬುಕ್ ಹಿಡಿದು ಕಿಲಾರಿ ತಾತನ ಜೊತೆ ನಡೆಯಲಿ. ರೊಪ್ಪ ಎಲ್ಲೆಲ್ಲಿ ಇತ್ತು, ನೀರು ಕುಡಿಸುತ್ತಿದ್ದ ಗೋಕಟ್ಟೆ ಯಾವುದು, ಸತ್ತ ಮುತ್ತಯ್ಯಗಳನ್ನು ಮಣ್ಣು ಮಾಡಿದ ಜಾಗ ಯಾವುದು, ಎಲ್ಲ ಬರೆಯಿರಿ. ಮೇಯಿಸುತ್ತಿದ್ದ ಜಾಗ, ಪವಿತ್ರ ಮರ, ಕಟ್ಟೆ, ಸಮಾಧಿ ಇವೆಲ್ಲ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಾಕ್ಷ್ಯ. ಹಿರಿಯರ ಹೇಳಿಕೆಯೂ ಸಾಕ್ಷ್ಯವೇ, ಬರೆದು ಹೆಬ್ಬೆಟ್ಟು ಹಾಕಿಸಿದರೆ. ತಾತ ಬೆಳಿಗ್ಗೆ ಬೇಗ ದನ ಹೊಡೆಯುತ್ತಾರೆ, ಆರಕ್ಕೆ ಮೊದಲೇ ರೊಪ್ಪದ ಹತ್ತಿರ ಇರಿ. ಚಪ್ಪಲಿ ಹೊರಗೆ ಬಿಡಿ.