ಕೊಕ್ಕರೆಯೂ ಕುದುರೆಯೂ

ಧ್ವಜದ ಮೇಲೊಂದು ಪ್ರಾಣಿಯನ್ನು ಕೂರಿಸಿಕೊಂಡು ಯುದ್ಧಕ್ಕೆ ಹೊರಡುವ ಪದ್ಧತಿ ನಮಗೆ ಹೊಸದಲ್ಲ. ಅರ್ಜುನನು ಕಪಿಧ್ವಜ, ಬಾದಾಮಿಯ ಚಾಲುಕ್ಯರದು ವರಾಹ ಲಾಂಛನ. ಆಕಾಶದಲ್ಲಿ ಕಾದುವ ವೀರರೂ ಈ ಹವ್ಯಾಸವನ್ನು ಬಿಟ್ಟಿಲ್ಲ. ಅವರು ವಿಮಾನದ ಮೇಲೆ ಹುಲಿಯನ್ನೋ ಹದ್ದನ್ನೋ ಬರೆಯಿಸಿಕೊಂಡರೆ ಅದರ ಅರ್ಥ ಮಕ್ಕಳಿಗೂ ತಿಳಿಯುತ್ತದೆ. ಆದರೆ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಅತ್ಯಂತ ಪ್ರಸಿದ್ಧ ವಿಮಾನದಳವು ಆರಿಸಿಕೊಂಡದ್ದು ಕೊಕ್ಕರೆಯನ್ನು! ಕಪ್ಪೆ ಮೀನುಗಳ ಹೊರತು ಯಾರಿಗೂ ಕೇಡು ಬಗೆಯದ ಈ ಸಾಧು ಹಕ್ಕಿಗೂ ಸಮರಕ್ಕೂ ಎಲ್ಲಿಯ ನಂಟು?

ಆ ನಂಟು ಅಲ್ಸಾಸ್ ಎಂಬ ಪ್ರಾಂತದಲ್ಲಿದೆ. ೧೮೭೧ರ ಸೋಲಿನಲ್ಲಿ ಫ್ರಾನ್ಸ್ ಅದನ್ನು ಜರ್ಮನಿಗೆ ಒಪ್ಪಿಸಬೇಕಾಯಿತು. ಅಲ್ಲಿಯ ಮನೆಗಳ ಮಾಡಿನ ಮೇಲೆ, ಹೊಗೆಗೂಡುಗಳ ನೆತ್ತಿಯಲ್ಲಿ ಬಿಳಿಯ ಕೊಕ್ಕರೆ ಗೂಡು ಕಟ್ಟುತ್ತದೆ. ಕಟ್ಟಿದ ಮನೆಗೆ ಶುಭವೆಂದು ಜನರ ನಂಬಿಕೆ. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ! ಬೇಸಗೆ ಕಳೆಯುತ್ತಲೆ ಹಕ್ಕಿ ಆಫ್ರಿಕಕ್ಕೆ ಹಾರುತ್ತದೆ. ವಸಂತದಲ್ಲಿ ಮರಳಿ ತನ್ನ ಹಳೆಯ ಗೂಡನ್ನೇ ಅರಸಿ ಬರುತ್ತದೆ. ಕಳೆದುಕೊಂಡ ನಾಡಿಗೆ ಹಿಂದಿರುಗಿಯೇ ತೀರುವೆವೆಂಬ ಛಲಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕೀತೆ? ಹುಲಿಯಿಂದ ಈ ಮಾತನ್ನು ಆಡಿಸಲು ಬಾರದೆಂದು ನನಗೆ ತೋರುತ್ತದೆ.

ಆ ದಳದ ಜಾರ್ಜ್ ಗಿನ್ಮೇರ್ ೫೩ ಶತ್ರು ವಿಮಾನಗಳನ್ನು ಕೆಡವಿದವನು. ೧೯೧೭ರ ಸೆಪ್ಟೆಂಬರ್ ೧೧ರಂದು ಬೆಲ್ಜಿಯಮ್ಮಿನ ಕಡೆಗೆ ಹಾರಿದವನು ಮರಳಲಿಲ್ಲ, ದೇಹವೂ ದೊರೆಯಲಿಲ್ಲ. ಆಗ ಅವನಿಗೆ ೨೨ ವರ್ಷ. ಮರುವರ್ಷವೇ ಅಲ್ಸಾಸ್ ಫ್ರಾನ್ಸಿನ ಕೈಸೇರಿತು. ಗಿನ್ಮೇರನ ವಿಮಾನದ ಎಂಜಿನ್ನನ್ನು ರೂಪಿಸಿದ ಹಿಸ್ಪಾನೊ ಸುಯಿಜ಼ಾ ಕಂಪನಿ ಯುದ್ಧ ಮುಗಿದ ಮೇಲೆ ಅದೇ ಕೊಕ್ಕರೆಯನ್ನು ತನ್ನ ಬೆಲೆಬಾಳುವ ಕಾರುಗಳ ಮೂತಿಯ ಮೇಲೆ ನಿಲ್ಲಿಸಿತು. ಗೋರಿಯಿಲ್ಲದವನ ಹಕ್ಕಿ ಹೀಗೆ ಸಿರಿವಂತರ ಸವಾರಿಗೆ ಮುಂದಾಳಾಯಿತು.

ಇಟಲಿಯ ಫ್ರಾಂಚೆಸ್ಕೊ ಬರಾಕ್ಕನ ಲಾಂಛನವೂ ಕೊನೆಗೆ ಸೇರಿದ್ದು ಕಾರನ್ನೇ. ಆತ ಮೊದಲು ಅಶ್ವದಳದ ಅಧಿಕಾರಿ. ಮಷೀನ್ ಗನ್ನಿನ ಮುಂದೆ ಕುದುರೆಯ ಕಾಲ ಮುಗಿಯುತ್ತಿದ್ದ ದಿನಗಳವು. ಕುದುರೆಯಿಂದಿಳಿದು ವಿಮಾನವೇರಿದ ಬರಾಕ್ಕ, ಅದರ ಮಗ್ಗುಲಲ್ಲಿ ಮುಂಗಾಲೆತ್ತಿ ನೆಗೆವ ಕುದುರೆಯನ್ನು ಬರೆಯಿಸಿಕೊಂಡ. ೩೪ ಜಯಗಳನ್ನು ಗಳಿಸಿ, ೧೯೧೮ರ ಜೂನ್ ೧೯ರಂದು ಮಡಿದ.

ಐದು ವರ್ಷಗಳ ಮೇಲೆ, ೧೯೨೩ರಲ್ಲಿ, ರವೆನ್ನದ ಬಳಿ ಕಾರಿನ ಪಂದ್ಯ ಗೆದ್ದ ತರುಣನೊಬ್ಬನಿಗೆ ಬರಾಕ್ಕನ ತಂದೆಯ ಪರಿಚಯವಾಯಿತು, ಅನಂತರ ತಾಯಿಯದು. ತನ್ನ ಮಗನ ಕುದುರೆಯನ್ನು ಕಾರಿಗೆ ಹಾಕಿಕೊಳ್ಳುವಂತೆಯೂ ಅದರಿಂದ ಅದೃಷ್ಟ ಒಲಿಯುವುದೆಂದೂ ಆಕೆ ಹೇಳಿದಳೆಂದು ಆ ತರುಣನೇ ಮುಂದೆ ನೆನೆದಿದ್ದಾನೆ. ಮಗನನ್ನು ಉಳಿಸದ ಚಿಹ್ನೆಯಲ್ಲಿ ತಾಯಿಗೆ ಅದೆಂತಹ ನಂಬಿಕೆ! ತರುಣನ ಹೆಸರು ಎಂಜ಼ೊ ಫೆರಾರಿ. ತನ್ನ ಊರಾದ ಮೊಡೆನದ ಬಣ್ಣವೆಂದು ಹಿನ್ನೆಲೆಗೆ ಹಳದಿಯನ್ನು ಸೇರಿಸಿದ. ಕುದುರೆ ಮಾತ್ರ ಕಪ್ಪಾಗಿಯೇ ಉಳಿಯಿತು.