ಕಾರು ನಮ್ಮದು, ಕೆಲಸ ಅವರದು

"ನಮ್ಮ ಗಾಡಿ, ನಮ್ಮ ಪೆಟ್ರೋಲು. ಇದರಾಗೆ ಸಾಹೇಬರಿಗೇನು ತ್ರಾಸು ಸಾರ್?"

ಹೀಗೆ ಕೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಓದು ಮುಗಿಸಿ ಬಳ್ಳಾರಿಯ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಸಿರುಗುಪ್ಪ ಮತ್ತು ಕುರುಗೋಡು ಕಡೆಯ ಹಳ್ಳಿಗಳನ್ನು ಸುತ್ತಿ ರೈತರನ್ನು, ಅಂಗಡಿಯವರನ್ನು ಕಾಣುವುದು ಅವನ ಕೆಲಸ. ಮಗನಿಗೆ ನೌಕರಿ ಸಿಕ್ಕ ಸಂತೋಷದಲ್ಲಿ ತಂದೆ ಸಾಲ ಮಾಡಿ ಒಂದು ಕಾರು ಕೊಂಡಿದ್ದಾರೆ. ಅದರಲ್ಲೇ ಕೆಲಸಕ್ಕೆ ಹೋಗುತ್ತೇನೆಂದರೆ ಮೇಲಧಿಕಾರಿ ಒಪ್ಪುತ್ತಿಲ್ಲ. "ಬಸ್ಸಿದೆ, ಬಸ್ಸಿನಲ್ಲಿ ಹೋಗು. ಕಂಪನಿ ಕೆಲಸಕ್ಕೆ ನಿನ್ನ ಕಾರು ಬೇಡ" ಎಂಬುದು ಅವರ ಆಜ್ಞೆ. "ಪೆಟ್ರೋಲಿನ ದುಡ್ಡೂ ಬೇಡ, ನನ್ನ ಪಾಡಿಗೆ ಹೋಗುತ್ತೇನೆ" ಎಂಬುದು ಇವನ ಹಟ. ತಂದೆಯೂ ಮಗನ ಪರ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿದೆ.

ಇದು ಒಬ್ಬ ಹುಡುಗನ ಸಮಸ್ಯೆಯಲ್ಲ. ಔಷಧ ಕಂಪನಿ, ವಿಮೆ, ಬ್ಯಾಂಕು, ಗೊಬ್ಬರ ಎಂದು ನಮ್ಮ ಅನೇಕ ಮಕ್ಕಳು ಇಂದು ಊರೂರು ತಿರುಗುವ ಕೆಲಸಗಳಲ್ಲಿದ್ದಾರೆ. ಆದುದರಿಂದ ಯಾರ ಪರವನ್ನೂ ವಹಿಸದೆ ಮೊದಲು ಲೆಕ್ಕ ಹಾಕಿ ನೋಡೋಣ.

ಕಾಣುವ ಖರ್ಚು, ಕಾಣದ ಖರ್ಚು

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿ, ಕುರುಗೋಡಿನ ಮೇಲೆ ಹಾಯ್ದು ಬಳ್ಳಾರಿಗೆ ಮರಳಿದರೆ ಸುಮಾರು 120 ಕಿ.ಮೀ. ಎಂದು ಹಿಡಿಯೋಣ. ಲೀಟರಿಗೆ 15 ಕಿ.ಮೀ. ಓಡುವ ಕಾರಾದರೆ 8 ಲೀಟರ್ ಪೆಟ್ರೋಲು ಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಲೀಟರಿಗೆ 100 ರೂಪಾಯಿ ಇಟ್ಟುಕೊಂಡರೆ 800 ರೂಪಾಯಿ. ಎಲ್ಲರೂ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಕಾರು ಕುಡಿಯುವುದು ಪೆಟ್ರೋಲನ್ನು ಮಾತ್ರವಲ್ಲ. 6 ಲಕ್ಷಕ್ಕೆ ಕೊಂಡ ಕಾರನ್ನು ಒಂದು ಲಕ್ಷ ಕಿ.ಮೀ. ಓಡಿಸಿ 2 ಲಕ್ಷಕ್ಕೆ ಮಾರಿದರೆ ಸವೆದದ್ದು 4 ಲಕ್ಷ; ಅಂದರೆ ಕಿ.ಮೀ.ಗೆ 4 ರೂಪಾಯಿ. ನಮ್ಮ 120 ಕಿ.ಮೀ. ಸುತ್ತಿಗೆ 480 ರೂಪಾಯಿ. ಟೈರು, ಆಯಿಲ್, ಸರ್ವಿಸಿಂಗ್‌ಗೆ ಕಿ.ಮೀ.ಗೆ ಒಂದೂವರೆ ರೂಪಾಯಿಯಂತೆ 180. ವರ್ಷಕ್ಕೆ 15,000 ರೂಪಾಯಿ ವಿಮೆ ಕಟ್ಟಿ 12,000 ಕಿ.ಮೀ. ಓಡಿಸಿದರೆ ಕಿ.ಮೀ.ಗೆ ಒಂದೂಕಾಲು ರೂಪಾಯಿಯಂತೆ 150. ಎಲ್ಲ ಕೂಡಿಸಿದರೆ 1,610 ರೂಪಾಯಿ. ಸಾಲದ ಬಡ್ಡಿಯನ್ನು ನಾನಿನ್ನೂ ಸೇರಿಸಿಲ್ಲ!

ಈ ಅಂಕಿಗಳು ಉದಾಹರಣೆಗೆ ಹಿಡಿದವು. ನಿಮ್ಮ ಕಾರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಆದರೆ ತಾತ್ಪರ್ಯ ಬದಲಾಗದು: ಕಾರಿನ ಖರ್ಚಿನಲ್ಲಿ ಕಣ್ಣಿಗೆ ಕಾಣುವುದು ಅರ್ಧ ಮಾತ್ರ. ಕಂಪನಿ ಪೆಟ್ರೋಲಿನ ಹಣ ಕೊಟ್ಟರೂ ಪ್ರತಿ ಸುತ್ತಿಗೆ 810 ರೂಪಾಯಿ ಹುಡುಗನ ಮನೆಯದು. ಏನೂ ಬೇಡವೆಂದು ತಿಂಗಳಿಗೆ 8 ಸುತ್ತು ಹೋದರೆ 12,880 ರೂಪಾಯಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಸಂಬಳದ ದೊಡ್ಡ ಪಾಲು. ಮಗ ದುಡಿದು ತರುತ್ತಿದ್ದಾನೆಂದು ಮನೆಯವರು ತಿಳಿದಿರುತ್ತಾರೆ; ಮನೆಯಿಂದಲೇ ಕಂಪನಿಗೆ ಹರಿದುಹೋಗುವುದು ಯಾರಿಗೂ ತಿಳಿಯುವುದಿಲ್ಲ.

ರಸ್ತೆಯ ಭೌತಶಾಸ್ತ್ರ

ಇನ್ನು ರಸ್ತೆಗೆ ಬರೋಣ. ತೆಕ್ಕಲಕೋಟೆಯ ಮೇಲೆ ಸಿರುಗುಪ್ಪಕ್ಕೆ ಹೋಗುವ ದಾರಿ ಈಗ 150-ಎ ರಾಷ್ಟ್ರೀಯ ಹೆದ್ದಾರಿ. ತುಂಗಭದ್ರೆಯ ನೀರಿನ ಭತ್ತದ ಸೀಮೆ ಇದು. ಸುಗ್ಗಿ ಬಂತೆಂದರೆ ಒಳರಸ್ತೆಗಳ ಮೇಲೆ ಭತ್ತ ಒಣಗುತ್ತಿರುತ್ತದೆ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಮುಸ್ಸಂಜೆಯಲ್ಲಿ ಎದುರಾಗುತ್ತದೆ.

ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೂ ಕಾರು 17 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಒತ್ತಿದ ಮೇಲೆ ಸಾಗುವ ದೂರವನ್ನು ಪಡೆಯಲು ವೇಗದ ವರ್ಗವನ್ನು, ಘರ್ಷಣಾ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ಒಣ ಡಾಂಬರಿನ ಗುಣಾಂಕ 0.7 ಎಂದುಕೊಂಡರೆ 20 ಮೀಟರ್. ಒಟ್ಟು 37 ಮೀಟರ್. ಉದುರುಕಾಳಿನ ಮೇಲೆ ಗುಣಾಂಕ ಅರ್ಧಕ್ಕಿಳಿದರೆ ಬ್ರೇಕಿನ ದೂರ ಇಮ್ಮಡಿಯಾಗಿ, ಒಟ್ಟು 57 ಮೀಟರ್. ವೇಗ 80 ಆದರೆ ಅದೇ ಕಾಳಿನ ಮೇಲೆ 94 ಮೀಟರ್! ಬೆಳಗಿನಿಂದ ಬಿಸಿಲಲ್ಲಿ ಹೊಲ ಸುತ್ತಿ ದಣಿದ ಹುಡುಗನಿಗೆ ಆ ಒಂದು ಸೆಕೆಂಡು ಎರಡಾಗಲೂಬಹುದು. ಬಸ್ಸಿನಲ್ಲಾದರೆ ಅವನು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಬಹುದು. ಕಾರಿನಲ್ಲಿ ಅವನೇ ಡ್ರೈವರು.

ಸಾಹೇಬರು ಹೆದರುವುದು ಏಕೆ?

"ಅಪಘಾತವಾದರೆ ನಮ್ಮ ಹಣೆಬರಹ, ಕಂಪನಿಗೇನು?" ಎಂದು ಕೇಳುವವರಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ.

ಕೆನಡಾದ ಟೊರಾಂಟೊದಲ್ಲಿ ಕೆನೇಡಿಯನ್ ಪೆಸಿಫಿಕ್ ರೈಲ್ವೆ ಕಂಪನಿಯ ಬಡಗಿಯೊಬ್ಬ ದುರಸ್ತಿ ಕೆಲಸಕ್ಕೆಂದು ತನ್ನ ಸ್ವಂತ ಕಾರಿನಲ್ಲಿ ಹೊರಟ. ಕಾರಿಗೆ ವಿಮೆ ಇರಲಿಲ್ಲ. ವಿಮೆಯಿಲ್ಲದ ಸ್ವಂತ ಕಾರನ್ನು ಕಂಪನಿಯ ಕೆಲಸಕ್ಕೆ ಬಳಸಕೂಡದೆಂದು ಕಂಪನಿ ಲಿಖಿತ ಸೂಚನೆಯನ್ನೇ ಕೊಟ್ಟಿತ್ತು. ದಾರಿಯಲ್ಲಿ ಅಪಘಾತವಾಗಿ ಒಬ್ಬ ವ್ಯಕ್ತಿಗೆ ಪೆಟ್ಟಾಯಿತು. "ನಾವು ಬೇಡವೆಂದಿದ್ದೆವು" ಎಂದಿತು ಕಂಪನಿ. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಆ ಕಾಲಕ್ಕೆ ನಮ್ಮ ದೇಶಕ್ಕೂ ಅದೇ ಕೊನೆಯ ನ್ಯಾಯಸ್ಥಾನ. 1942ರಲ್ಲಿ ಅದು ಹೇಳಿದ್ದರ ಸಾರ ಇಷ್ಟು: ಅವನು ಹೊರಟದ್ದು ಕಂಪನಿಯ ಕೆಲಸಕ್ಕೇ, ನಿಷೇಧವಿದ್ದದ್ದು ಆ ಕೆಲಸವನ್ನು ಮಾಡುವ ರೀತಿಗೆ ಮಾತ್ರ, ಆದುದರಿಂದ ಕಂಪನಿಯೇ ಹೊಣೆ.

ನಮ್ಮ ಸುಪ್ರೀಂ ಕೋರ್ಟೂ 1977ರಲ್ಲಿ ಇದಕ್ಕೆ ಹತ್ತಿರದ ತೀರ್ಪು ಕೊಟ್ಟಿತು. 1960ರಲ್ಲಿ ಒಂದು ಜಿನ್ನಿಂಗ್ ಕಂಪನಿಯ ಮ್ಯಾನೇಜರು ಕಂಪನಿಯ ಕಾರನ್ನು ತಾವೇ ನಡೆಸಿಕೊಂಡು ನಾಗಪುರದಿಂದ ಪಾಂಢುರ್ಣಕ್ಕೆ ಹೋಗುವಾಗ ಕಾರು ಮರಕ್ಕೆ ಬಡಿದು, ಜೊತೆಯಲ್ಲಿದ್ದವರು ತೀರಿಕೊಂಡಿದ್ದರು. ಮ್ಯಾನೇಜರು ಕಂಪನಿಯ ಕೆಲಸದ ಮೇಲಿದ್ದರಾದ್ದರಿಂದ ಕಂಪನಿ ಹೊಣೆಯೆಂದು ಕೋರ್ಟು ಹೇಳಿತು. ನೌಕರನಿಗೇ ಪೆಟ್ಟಾದಾಗಲೂ 1923ರ ಪರಿಹಾರ ಕಾಯಿದೆಯಿಂದ ಹಿಡಿದು 2020ರ ಸಾಮಾಜಿಕ ಭದ್ರತಾ ಸಂಹಿತೆಯವರೆಗೆ ಕೇಳುವ ಪ್ರಶ್ನೆ ಒಂದೇ: ಅಪಘಾತ ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಆಯಿತೇ?

ಅಂದಮೇಲೆ "ಬೇಡ" ಎನ್ನುವ ಸಾಹೇಬರೆಲ್ಲ ಹೊಟ್ಟೆಕಿಚ್ಚಿನವರಲ್ಲ. ಬರಿಯ "ಬೇಡ" ಎಂಬ ಮಾತು ತಮ್ಮನ್ನು ಕಾಯುವುದಿಲ್ಲ ಎಂಬುದನ್ನು ಅವರೂ ತಿಳಿಯಬೇಕು.

ಕಾರು ಯಾರ ಹೆಸರಿನಲ್ಲಿದೆ?

ತಂದೆತಾಯಿಗಳು ಗಮನಿಸಬೇಕಾದ ಮಾತು ಇದು. ಖಾಸಗಿ ಕಾರಿನ ಸಾಮಾನ್ಯ ವಿಮಾ ಪಾಲಿಸಿಯಲ್ಲಿ "ಬಳಕೆಯ ಮಿತಿ" ಎಂಬ ಕಲಮು ಇರುತ್ತದೆ. ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು, ರೇಸು ಮುಂತಾದವನ್ನು ಬಿಟ್ಟು ಉಳಿದ ಬಳಕೆಗೆ ಪಾಲಿಸಿ ಅನ್ವಯಿಸುತ್ತದೆ. ಮಾದರಿ ಪೊಟ್ಟಣ ಮತ್ತು ಸ್ವಂತ ಲಗೇಜಿಗೆ ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿ ಉದ್ಯೋಗದ ಬಳಕೆಗೆಂದು ಬೇರೆಯ ವರ್ಗದ ವಿಮೆ ಕೊಳ್ಳಬೇಕು. ನಮ್ಮ ಪಾಲಿಸಿ ಅಷ್ಟು ಬಿಗಿಯಲ್ಲ. ಆದರೆ ಹತ್ತು ಮೂಟೆ ಬೀಜ ಹೇರಿಕೊಂಡು ಅಂಗಡಿಗೆ ಮುಟ್ಟಿಸಿದರೆ ಅದು ಸರಕು. ನಾಲ್ಕು ಜನ ಸಹೋದ್ಯೋಗಿಗಳಿಂದ ತಲೆಗಿಷ್ಟು ಎಂದು ವಸೂಲು ಮಾಡಿದರೆ ಬಾಡಿಗೆ ಎಂಬ ಆಕ್ಷೇಪ ಬಂದೀತು.

ಇದಕ್ಕಿಂತ ದೊಡ್ಡ ಪ್ರಶ್ನೆ: ಆರ್.ಸಿ. ಪುಸ್ತಕದಲ್ಲಿ ಯಾರ ಹೆಸರಿದೆ? 2018ರಿಂದ ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆಯಿದೆ. ಅದು ಇರುವುದು ಹೆಸರೇ ಹೇಳುವಂತೆ ಮಾಲೀಕನಿಗೆ. ಕಾರು ತಂದೆಯ ಹೆಸರಿನಲ್ಲಿದ್ದು ಮಗ ನಡೆಸಿದರೆ ಆ ರಕ್ಷಣೆ ಮಗನಿಗಿಲ್ಲ.

ನಮ್ಮ ಕಡೆಯದೇ ಒಂದು ಪ್ರಕರಣ ಹೇಳುತ್ತೇನೆ. ಒಬ್ಬರು ಬೇರೆಯವರ ಮೋಟಾರು ಸೈಕಲ್ ಎರವಲು ಪಡೆದು ಇಳಕಲ್ಲಿನಿಂದ ತಮ್ಮ ಊರು ಗುಡೂರಿಗೆ ಹೊರಟರು. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಕಬ್ಬಿಣದ ತಗಡು ಹೇರಿದ್ದ ಎತ್ತಿನ ಗಾಡಿ ಹಠಾತ್ತನೆ ನಿಂತಿತು. ಬೈಕು ಬಡಿದು ಅವರು ತೀರಿಕೊಂಡರು. ಸುಪ್ರೀಂ ಕೋರ್ಟು 2009ರಲ್ಲಿ, ವಾಹನ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಅವನು ಮೂರನೆಯ ವ್ಯಕ್ತಿಯಲ್ಲ ಎಂದಿತು. ಆಗ ಜಾರಿಯಲ್ಲಿದ್ದ 163-ಎ ಕಲಮಿನಡಿ ಮನೆಯವರಿಗೆ ಪರಿಹಾರ ದಕ್ಕಲಿಲ್ಲ. ತಂದೆಯ ಕಾರೂ ಈ ಲೆಕ್ಕದಲ್ಲಿ ಎರವಲಿನ ವಾಹನವೇ. ಕಾರನ್ನು ಮಗನ ಹೆಸರಿಗೆ ವರ್ಗಾಯಿಸುವುದು, ಇಲ್ಲವೇ ಮಗನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸುವುದು, ಎರಡರಲ್ಲಿ ಒಂದು ಆಗಲೇಬೇಕು.

ಇದೇ ಪ್ರಕರಣ ಸಾಹೇಬರಿಗೂ ಪಾಠ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ಕುರುಗೋಡಿಗೆ ಬಸ್ಸುಂಟು, ನಿಜ. ಅಲ್ಲಿಂದ ಒಳಗಿನ ಹಳ್ಳಿಗೆ? ಅಲ್ಲಿ ಹುಡುಗರು ಮಾಡುವುದೇನು? ಅಂಗಡಿಯವರ ಬೈಕು ಎರವಲು ತೆಗೆದುಕೊಳ್ಳುತ್ತಾರೆ. ಅದಕ್ಕೆ ವಿಮೆ ಇದೆಯೋ, ಬ್ರೇಕು ಹಿಡಿಯುತ್ತದೆಯೋ ಕೇಳುವವರಿಲ್ಲ. ನಾಲ್ಕು ಚಕ್ರದ ಕಾರನ್ನು ಬೇಡವೆಂದ ಅಧಿಕಾರಿ ತನಗೆ ತಿಳಿಯದಂತೆಯೇ ಹುಡುಗನನ್ನು ಹೆಚ್ಚಿನ ಅಪಾಯಕ್ಕೆ ತಳ್ಳಿರುತ್ತಾನೆ.

ಮಾಡಬೇಕಾದದ್ದು, ಮಾಡಬಾರದ್ದು

ಮೊದಲನೆಯದಾಗಿ, ಕಾರಣ ಕೇಳಬೇಕು. "ಬೇಡ" ಎಂಬುದರ ಹಿಂದೆ ಹೊಣೆಯ ಭಯವಿರಬಹುದು, ಹಣದ ಚಿಂತೆಯಿರಬಹುದು, ಸ್ವಂತ ತಿರುಗಾಟವನ್ನು ಕಂಪನಿಯ ಲೆಕ್ಕಕ್ಕೆ ಬರೆಯುತ್ತಾನೆಂಬ ಸಂಶಯವಿರಬಹುದು. ತಾನು ಬೈಕಿನಲ್ಲಿ ಬರುವಾಗ ಕಿರಿಯ ಕಾರಿನಲ್ಲಿ ಬಂದನೆಂಬ ಕಸಿವಿಸಿಯೂ ಇರಬಹುದು. ಒಂದೊಂದಕ್ಕೂ ಔಷಧಿ ಬೇರೆ.

ಹೊಣೆಯ ಭಯವಾದರೆ ಪಾಲಿಸಿ ಮತ್ತು ಲೈಸೆನ್ಸಿನ ಪ್ರತಿ ಕೊಟ್ಟು, ವಿಮಾ ಕಚೇರಿಯಿಂದ ಬರಹದಲ್ಲಿ ಉತ್ತರ ತಂದು ತೋರಿಸಬಹುದು. ಹಣದ ಚಿಂತೆಯಾದರೆ ಮೇಲಿನ ಲೆಕ್ಕವನ್ನೂ, ಕಾರಿನಿಂದ ಒಂದು ದಿನಕ್ಕೆ ಎಷ್ಟು ಹಳ್ಳಿ ಹೆಚ್ಚಾಗಿ ಮುಗಿಯುತ್ತವೆಂಬುದನ್ನೂ ಕಾಗದದ ಮೇಲಿಡಬಹುದು. ಸಂಶಯವಾದರೆ ತಾರೀಖು, ಹೋದ ಊರು, ಮೀಟರಿನ ಮೊದಲ ಮತ್ತು ಕೊನೆಯ ಅಂಕಿ ಬರೆದಿಡುವ ಒಂದು ನೋಟ್‌ಬುಕ್ ಸಾಕು. ಕಸಿವಿಸಿಗೆ ಮಾತ್ರ ಔಷಧಿ ವಿನಯ ಮತ್ತು ಕಾಲ.

ಅಷ್ಟಾದರೂ ಒಪ್ಪದಿದ್ದರೆ ನಡುದಾರಿ ಕೇಳಬೇಕು. ಒಂದು ದಿನ ಸಿರುಗುಪ್ಪ, ಇನ್ನೊಂದು ದಿನ ಕುರುಗೋಡು ಎಂದು ಹಂಚಿಕೊಂಡು, ತಾಲ್ಲೂಕು ಕೇಂದ್ರದವರೆಗೆ ಬಸ್ಸು, ಅಲ್ಲಿಂದ ರಸೀದಿ ಕೊಡುವ ಬಾಡಿಗೆ ಆಟೋ. ಒಪ್ಪಿಗೆಯಾಗಲಿ, ನಿರಾಕರಣೆಯಾಗಲಿ ಬರಹದಲ್ಲಿರಲಿ. ಬಾಯಿಮಾತಿಗೆ ಸಾಕ್ಷಿಯಿಲ್ಲ.

ಮಾಡಬಾರದ್ದು ಒಂದಿದೆ. ಸದ್ದಿಲ್ಲದೆ ಕಾರಿನಲ್ಲಿ ಹೋಗಿಬಂದು, ಯಾರದೋ ಬಸ್ ಟಿಕೆಟ್ ಅಂಟಿಸಿ ಬಿಲ್ಲು ಬರೆಯುವುದು. "ಎಲ್ಲರೂ ಹಾಗೇ ಮಾಡ್ತಾರೆ" ಎಂದು ಮನೆಯಲ್ಲಿ ಹಿರಿಯರೇ ಹೇಳಿಕೊಡುವುದುಂಟು. ಆ ಬಿಲ್ಲು ಸುಳ್ಳು ದಾಖಲೆ. ಅಂದು ದಾರಿಯಲ್ಲಿ ಅಪಘಾತವಾದರೆ, ಹುಡುಗ ಕಂಪನಿಯ ಕೆಲಸದ ಮೇಲೆ ಕಾರಿನಲ್ಲಿದ್ದ ಎಂದು ಹೇಳಲು ಹೊರಟವರ ಬಾಯಿಯನ್ನು ಅವನದೇ ಬಸ್ಸಿನ ಬಿಲ್ಲುಗಳು ಮುಚ್ಚಿಸುತ್ತವೆ. ನೂರಿನ್ನೂರು ರೂಪಾಯಿಗಾಗಿ ನೌಕರಿಯನ್ನೂ, ಮನೆಯವರ ಹಕ್ಕನ್ನೂ ಪಣಕ್ಕೊಡ್ಡಿದಂತೆ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಇನ್ನೂ ಸಾಹೇಬರೂ ಇಲ್ಲ, ಕಾರೂ ಇಲ್ಲ. ಮನೆಯಲ್ಲಿ ಒಂದು ಬೈಕಾದರೂ ಇದ್ದೀತು. ಈ ವಾರ ಅದರ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ತಿಂಗಳ ಕೊನೆಗೆ ಪೆಟ್ರೋಲು, ರಿಪೇರಿ, ವಿಮೆ, ಸವೆತ ಎಲ್ಲ ಕೂಡಿಸಿ ಕಿ.ಮೀ.ಗೆ ಎಷ್ಟಾಯಿತೆಂದು ಭಾಗಿಸಿ. ಆಮೇಲೆ ವಿಮಾ ಪಾಲಿಸಿಯನ್ನು ತೆಗೆದು ಅವಧಿ ಮುಗಿಯುವ ತಾರೀಖನ್ನೂ, ಮಾಲೀಕರ ಹೆಸರನ್ನೂ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿ. ತಾರೀಖು ದಾಟಿಹೋಗಿದ್ದರೆ ಬೈಕು ಅಂದು ಮನೆಯಲ್ಲೇ ಇರಲಿ.